ನಮೀಬಿಯಾ ಪ್ರವಾಸ ಮತ್ತು ಸೀಲ್ ಮರಿಗಳ ಹತ್ಯೆ: ದೇಶವನ್ನೇ ಬಹಿಷ್ಕರಿಸಬೇಕೇ, ಪ್ರವಾಸ ಸಂಸ್ಥೆಗಳನ್ನು ಪ್ರಶ್ನಿಸಬೇಕೇ?

ದಿಗಂತಯಾತ್ರಿ:
ಬೆಂಗಳೂರಿನ ನಮ್ಮ ವನ್ಯಜೀವಿ ಛಾಯಾಗ್ರಾಹಕರ ಬಳಗ ಮುಂದಿನ ಆಗಸ್ಟ್‌ನಲ್ಲಿ ನಮೀಬಿಯಾಕ್ಕೆ ಹೋಗಲು ಯೋಚಿಸುತ್ತಿದೆ. ಪ್ರವಾಸ ಸಂಸ್ಥೆಯವರು ಕಳುಹಿಸಿರುವ ಪಟ್ಟಿಯಲ್ಲಿ ಎಟೋಷಾ ರಾಷ್ಟ್ರೀಯ ಉದ್ಯಾನ ಮತ್ತು ಸೊಸಸ್‌ಫ್ಲೇ ಮರಳುದಿಬ್ಬಗಳ ಜೊತೆಗೆ ಕೇಪ್ ಕ್ರಾಸ್ ಕೂಡ ಇದೆ. ಸ್ವಾಕೋಪ್‌ಮುಂಡ್ ಪಟ್ಟಣದಿಂದ ಸುಮಾರು 120 ಕಿ.ಮೀ. ಉತ್ತರಕ್ಕಿರುವ ಈ ಕಡಲತೀರ ತುಪ್ಪಳದ ಮೈಯ ಕಡಲ ಸಸ್ತನಿಗಳಾದ ಕೇಪ್ ಫರ್ ಸೀಲ್‌ಗಳ ಬಹುದೊಡ್ಡ ನೆಲೆ. ಮರಿ ಹಾಕುವ ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ಅಲ್ಲಿ ಎರಡು ಲಕ್ಷದವರೆಗೆ ಸೀಲ್‌ಗಳು ಸೇರುತ್ತವೆ. ಆದರೆ ಪ್ರತಿವರ್ಷ ಜುಲೈ 1ರಿಂದ ನವೆಂಬರ್ 15ರವರೆಗೆ ಅದೇ ತೀರದಲ್ಲಿ, ಇನ್ನೂ ತಾಯಿಯ ಹಾಲು ಕುಡಿಯುತ್ತಿರುವ ಮರಿಗಳನ್ನು ಬೇರ್ಪಡಿಸಿ ದೊಣ್ಣೆಯಿಂದ ಹೊಡೆದು ಕೊಲ್ಲಲಾಗುತ್ತದೆ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಬೆಳೆದ ಗಂಡುಗಳನ್ನು ಗುಂಡಿಟ್ಟು ಕೊಲ್ಲುತ್ತಾರೆ. ಮರಿಗಳ ಚರ್ಮ ತುಪ್ಪಳದ ಉಡುಪಿಗೆ ಹೋಗುತ್ತದೆ, ಗಂಡುಗಳ ಜನನಾಂಗ ಏಷ್ಯಾದ ಔಷಧ ಮಾರುಕಟ್ಟೆಗೆ ಹೋಗುತ್ತದೆ. ಈ ಕೆಲಸವೆಲ್ಲ ನಸುಕಿನಲ್ಲಿ ಮುಗಿದು, ಪ್ರವಾಸಿಗರು ಬರುವ ಹೊತ್ತಿಗೆ ತೀರವನ್ನು ಚೊಕ್ಕಟ ಮಾಡಲಾಗಿರುತ್ತದೆ.

ನಮ್ಮಲ್ಲಿ ಕೆಲವರು ನಮೀಬಿಯಾವನ್ನೇ ಕೈಬಿಟ್ಟು ಬೇರೆ ದೇಶಕ್ಕೆ ಹೋಗೋಣ ಎನ್ನುತ್ತಾರೆ. ಕೇಪ್ ಕ್ರಾಸ್ ಒಂದನ್ನು ತೆಗೆದುಹಾಕಿ, ತೆಗೆದದ್ದು ಏಕೆ ಎಂದು ಸಂಸ್ಥೆಗೂ ಅಲ್ಲಿನ ಸರ್ಕಾರಕ್ಕೂ ಬರೆದು ತಿಳಿಸಿದರೆ ಹೆಚ್ಚು ಪ್ರಯೋಜನ ಎಂಬುದು ಉಳಿದವರ ಅಭಿಪ್ರಾಯ. ಮುಂಗಡ ಹಣ ಕಟ್ಟುವ ಮೊದಲು ತಿಳಿದವರ ಮಾತು ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ಪ್ರವಾಸೋದ್ಯಮದ ಮೇಲಿನ ಒತ್ತಡದಿಂದ ಇಂತಹ ಹತ್ಯೆ ಎಲ್ಲಿಯಾದರೂ ನಿಂತಿದೆಯೇ?

ಹಸಿರುಹೆಜ್ಜೆ:
ಹೋಗಬೇಡಿ. ಒಂದು ದೇಶದ ಸರ್ಕಾರ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಅದರೊಳಗೇ ಮರಿಗಳನ್ನು ಹೊಡೆದು ಕೊಲ್ಲಲು ಅನುಮತಿ ಕೊಟ್ಟು, ಕೆಲವು ಗಂಟೆಗಳ ನಂತರ ಅದೇ ಜಾಗಕ್ಕೆ ಟಿಕೆಟ್ ಮಾರುತ್ತದೆ ಎಂದಾದರೆ, ಆ ಟಿಕೆಟ್ ಕೊಳ್ಳುವುದು ಆ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಂತೆಯೇ. ಅಲ್ಲಿನ ಬಾಗಿಲು ತೆರೆಯುವ ಸಮಯವನ್ನು ಗಮನಿಸಿ: ವರ್ಷದ ಉಳಿದ ತಿಂಗಳುಗಳಲ್ಲಿ ಬೆಳಿಗ್ಗೆ 8 ಗಂಟೆಗೆ ತೆರೆಯುವ ಬಾಗಿಲು ಜುಲೈ 1ರಿಂದ ನವೆಂಬರ್ 15ರವರೆಗೆ 10 ಗಂಟೆಗೆ ತೆರೆಯುತ್ತದೆ. ಈ ಎರಡು ಗಂಟೆಗಳ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಕೇ? 2009ರಲ್ಲಿ ಇದನ್ನು ಚಿತ್ರೀಕರಿಸಲು ಹೋದ ಇಬ್ಬರು ವಿದೇಶಿ ಪತ್ರಕರ್ತರ ಮೇಲೆ ಹಲ್ಲೆಯಾಯಿತು. ಬಂಧಿಸಿ ದಂಡ ಹಾಕಿದ್ದೂ ಅವರಿಗೇ. ಪ್ರವಾಸಿಗರ ಕಣ್ಣಿಗೆ ಬೀಳಬಾರದೆಂಬ ಎಚ್ಚರ ಅಷ್ಟಿದೆ ಎಂದರೆ, ಪ್ರವಾಸಿಗರ ಮುನಿಸಿಗೆ ಅವರು ಹೆದರುತ್ತಾರೆ ಎಂದೇ ಅರ್ಥ. ಆ ಹೆದರಿಕೆಯನ್ನು ಬಳಸಿಕೊಳ್ಳಬೇಕು.

ಬೆಳ್ಳಕ್ಕಿ:
ಬಾಗಿಲಿನ ಸಮಯದ ಸಂಗತಿ ನನಗೆ ತಿಳಿದಿರಲಿಲ್ಲ. ಓದಿ ಮನಸ್ಸು ಕಲಕಿತು.

ವಿಂಡ್‌ಹೋಕ್‌ವಾಸಿ:
ಉದ್ಯೋಗದ ನಿಮಿತ್ತ ಈ ದೇಶದ ರಾಜಧಾನಿಯಲ್ಲಿ ನೆಲೆಸಿರುವ ನಾನು ಇಡೀ ದೇಶವನ್ನು ಬಹಿಷ್ಕರಿಸುವ ಮಾತನ್ನು ಒಪ್ಪಲಾರೆ. ಹತ್ಯೆಯನ್ನು ಸಮರ್ಥಿಸಲು ಈ ಮಾತು ಹೇಳುತ್ತಿಲ್ಲ. ಏಟು ಯಾರಿಗೆ ಬೀಳುತ್ತದೆ ಎಂಬುದನ್ನು ನೋಡಬೇಕು. 1996ರ ಕಾನೂನು ತಿದ್ದುಪಡಿಯ ನಂತರ ಇಲ್ಲಿ ಹಳ್ಳಿಗರೇ ನಡೆಸುವ ಸಮುದಾಯ ಸಂರಕ್ಷಣಾ ಪ್ರದೇಶಗಳು ಹುಟ್ಟಿಕೊಂಡವು. ಇಂದು ಅವುಗಳ ಸಂಖ್ಯೆ 80ನ್ನು ಮೀರಿದೆ. ಕುನೇನೆ ಸೀಮೆಯ ಮರುಭೂಮಿಯಲ್ಲಿ ಕಪ್ಪು ಘೇಂಡಾಮೃಗಗಳನ್ನು ಕಾಯುವ ಕಾವಲುಗಾರರ ಸಂಬಳದ ದೊಡ್ಡ ಪಾಲು ಪ್ರವಾಸಿ ವಸತಿಗೃಹಗಳ ಆದಾಯದಿಂದ ಬರುತ್ತದೆ. 2020ರಲ್ಲಿ ಪ್ರವಾಸಿಗರು ನಿಂತುಹೋದಾಗ ಆ ಕಾವಲುಗಾರರ ಸಂಬಳಕ್ಕೇ ಕುತ್ತು ಬಂದಿತ್ತು. ಸೀಲ್ ಕೊಲ್ಲುವ ಪರವಾನಗಿ ಪಡೆದ ಬೆರಳೆಣಿಕೆಯ ಗುತ್ತಿಗೆದಾರರಿಗೆ ನಿಮ್ಮ ಪ್ರವಾಸ ರದ್ದಾದ ಸುದ್ದಿಯೂ ತಲುಪುವುದಿಲ್ಲ, ಏಕೆಂದರೆ ಅವರ ಗಿರಾಕಿಗಳು ಇರುವುದು ಹೊರದೇಶಗಳಲ್ಲಿ.

ಇನ್ನೊಂದು ವಿಷಯವನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಎಷ್ಟು ಸೀಲ್‌ಗಳನ್ನು ಕೊಲ್ಲಬಹುದು ಎಂಬ ಮಿತಿಯನ್ನು ನಿಗದಿ ಮಾಡುವುದು ಮೀನುಗಾರಿಕೆಯ ಹೊಣೆ ಹೊತ್ತ ಸಚಿವಾಲಯ. ಕೇಪ್ ಕ್ರಾಸ್‌ನ ಪ್ರವೇಶ ಶುಲ್ಕ ವಸೂಲಿ ಮಾಡುವುದು ಪರಿಸರ ಮತ್ತು ಪ್ರವಾಸೋದ್ಯಮ ಸಚಿವಾಲಯ. ಎರಡನೆಯವರಿಗೆ ನಷ್ಟವಾಗುತ್ತದೆ ಎಂದಾದರೆ ಅವರು ಮೊದಲನೆಯವರೊಂದಿಗೆ ಜಗಳ ಮಾಡಬೇಕು. ಒತ್ತಡ ಹಾಕುವುದಾದರೆ ಈ ಬಿರುಕಿನಲ್ಲಿ ಹಾಕಬೇಕು.

ಪಯಣಪಾಲಕ:
ಮೈಸೂರಿನಲ್ಲಿ ಪ್ರವಾಸ ವ್ಯವಸ್ಥೆಯ ಕೆಲಸದಲ್ಲಿರುವವನಾಗಿ ಒಂದು ಮಾತು ಹೇಳುತ್ತೇನೆ. ಇಲ್ಲಿನ ಸಂಸ್ಥೆಗಳು ಆಫ್ರಿಕಾದ ಪ್ರವಾಸಗಳನ್ನು ಸಾಮಾನ್ಯವಾಗಿ ಅಲ್ಲಿನ ಸ್ಥಳೀಯ ನಿರ್ವಾಹಕರಿಂದ ಸಗಟಾಗಿ ಕೊಂಡು ಮಾರುತ್ತವೆ. ಮೌನವಾಗಿ ರದ್ದು ಮಾಡಿದವರ ಕಾರಣವನ್ನು ಯಾರೂ ವಿಚಾರಿಸುವುದಿಲ್ಲ. ದರ ಹೆಚ್ಚಾಯಿತೆಂದೋ ವೀಸಾ ಸಿಗಲಿಲ್ಲವೆಂದೋ ಊಹಿಸಿ ಮುಂದಿನ ಗಿರಾಕಿಯನ್ನು ಹುಡುಕುತ್ತಾರೆ. ಆದರೆ ಹಣ ಕಟ್ಟಲು ಸಿದ್ಧವಿರುವ ಒಂದು ತಂಡ ‘ಈ ಒಂದು ಸ್ಥಳ ಬೇಡ, ಕಾರಣ ಇದು, ಬದಲಿಗೆ ಇದನ್ನು ಕೊಡಿ’ ಎಂದು ಲಿಖಿತವಾಗಿ ಕೇಳಿದರೆ, ಆ ಪತ್ರ ಸ್ಥಳೀಯ ನಿರ್ವಾಹಕನವರೆಗೆ ಹೋಗಲೇಬೇಕಾಗುತ್ತದೆ, ಏಕೆಂದರೆ ಕಾರ್ಯಕ್ರಮ ಬದಲಿಸಿ ಹೊಸ ದರ ಕೊಡಬೇಕಾದವನು ಅವನೇ. ಇಡೀ ವ್ಯವಹಾರ ಕೈತಪ್ಪಿದಾಗ ಸಿಗದ ಗಮನ, ಕೈತಪ್ಪುವ ಸಂಭವವಿದ್ದಾಗ ಸಿಗುತ್ತದೆ.

ಹಸಿರುಹೆಜ್ಜೆ:
ವಿಂಡ್‌ಹೋಕ್‌ವಾಸಿಯವರೇ, ಘೇಂಡಾಮೃಗದ ಹೆಸರಿನಲ್ಲಿ ಸೀಲ್‌ಗಳನ್ನು ಬಲಿ ಕೊಡಬೇಕೇ? ದಕ್ಷಿಣ ಆಫ್ರಿಕಾ 1990ರಲ್ಲೇ ಸೀಲ್ ಬೇಟೆಯನ್ನು ನಿಲ್ಲಿಸಿತು. ಅದೇ ಕಡಲು, ಅದೇ ಪ್ರಾಣಿ. ಅಲ್ಲಿ ನಿಂತದ್ದು ಇಲ್ಲಿ ಏಕೆ ನಿಲ್ಲಬಾರದು?

ಸಾಗರದಾಚೆ:
ನಾನಿರುವುದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ಈ ಚಳವಳಿಗಳ ಇತಿಹಾಸದಲ್ಲಿ ಕೆನಡಾದ ಅನುಭವವೇ ಅತ್ಯಂತ ದೀರ್ಘವಾದದ್ದು. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಲ್ಲಿ ಕೊಲ್ಲುವುದು ಹಾರ್ಪ್ ಸೀಲ್‌ಗಳನ್ನು, ಸೇಂಟ್ ಲಾರೆನ್ಸ್ ಕೊಲ್ಲಿಯ ಮತ್ತು ನ್ಯೂಫೌಂಡ್‌ಲ್ಯಾಂಡ್ ಆಚೆಯ ಮಂಜುಗಡ್ಡೆಯ ಮೇಲೆ. 1977ರಲ್ಲಿ ಫ್ರೆಂಚ್ ನಟಿ ಬ್ರಿಜಿಟ್ ಬಾರ್ಡೋ ಬಂದು ಹೋದ ಮೇಲೆ ಬಿಳಿ ತುಪ್ಪಳದ ಮರಿಯ ಚಿತ್ರ ಯುರೋಪಿನ ಮನೆಮನೆಗೂ ತಲುಪಿತು. 1983ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಬಿಳಿಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. ಮರುವರ್ಷ ಬ್ರಿಟನ್ನಿನ ದೊಡ್ಡ ದಿನಸಿ ಮಳಿಗೆಗಳ ಮೇಲೆ ಕೆನಡಾದ ಮೀನನ್ನು ಮಾರಬಾರದೆಂದು ಒತ್ತಡ ತರಲಾಯಿತು. 1987ರಲ್ಲಿ ಕೆನಡಾ ಸರ್ಕಾರ ಬಿಳಿಮರಿಗಳ ವಾಣಿಜ್ಯ ಬೇಟೆಯನ್ನು ನಿಲ್ಲಿಸಿತು. ಹಾಗೆಂದು ಬೇಟೆಯೇ ನಿಲ್ಲಲಿಲ್ಲ: ಬಿಳಿ ತುಪ್ಪಳ ಉದುರಿದ ಕೆಲವು ವಾರಗಳ ಮರಿಯನ್ನು ಕೊಲ್ಲುವುದು ಮುಂದುವರಿದು, 2006ರಲ್ಲಿ ಸುಮಾರು ಮೂರೂವರೆ ಲಕ್ಷ ಸೀಲ್‌ಗಳು ಸತ್ತವು. 2009ರಲ್ಲಿ ಯುರೋಪಿನ ಒಕ್ಕೂಟ ಎಲ್ಲ ವಾಣಿಜ್ಯ ಸೀಲ್ ಉತ್ಪನ್ನಗಳಿಗೂ ಬಾಗಿಲು ಮುಚ್ಚುವ ನಿರ್ಧಾರ ಮಾಡಿದ ವರ್ಷವೇ ಆ ಸಂಖ್ಯೆ 80 ಸಾವಿರಕ್ಕಿಂತ ಕೆಳಗಿಳಿಯಿತು. ಮುಂದೆ ಸರ್ಕಾರ ಮಿತಿಯನ್ನು 4 ಲಕ್ಷಕ್ಕೆ ಏರಿಸಿದರೂ ಕೊಳ್ಳುವವರಿಲ್ಲದೆ ಬಹುಪಾಲು ಬೇಟೆಗಾರರು ಮಂಜಿನ ಮೇಲೆ ಹೋಗಲಿಲ್ಲ.

ಇಷ್ಟರಲ್ಲಿ ಪ್ರವಾಸೋದ್ಯಮದ ಪಾತ್ರವೇನು? ‘ಕೆನಡಾಕ್ಕೆ ಹೋಗಬೇಡಿ’ ಎಂಬ ಕರೆಗಳು ಅನೇಕ ಬಾರಿ ಬಂದವು; ಅವುಗಳಿಂದ ಬೇಟೆ ಕಡಿಮೆಯಾಯಿತೆಂದು ಹೇಳಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ಬೇಟೆಯನ್ನು ಕುಗ್ಗಿಸಿದ್ದು ಮಾರುಕಟ್ಟೆಯ ನಿಷೇಧ. ಇಲ್ಲಿ ಪ್ರವಾಸೋದ್ಯಮ ಮಾಡಿದ ಒಳ್ಳೆಯ ಕೆಲಸವೆಂದರೆ ಸೇಂಟ್ ಲಾರೆನ್ಸ್ ಕೊಲ್ಲಿಯ ಮ್ಯಾಗ್ಡಲೆನ್ ದ್ವೀಪಗಳಲ್ಲಿ ಸೀಲ್ ವೀಕ್ಷಣೆಯನ್ನು ಬೆಳೆಸಿದ್ದು. ಮಾರ್ಚ್ ತಿಂಗಳಲ್ಲಿ ಹೆಲಿಕಾಪ್ಟರಿನಲ್ಲಿ ಮಂಜಿನ ಮೇಲೆ ಇಳಿದು ತಾಯಿ-ಮರಿಗಳನ್ನು ನೋಡಲು ಜನ ಹಣ ಕೊಟ್ಟು ಬರತೊಡಗಿದರು. ಆದರೆ ಈಗ ಹಲವು ವರ್ಷಗಳಲ್ಲಿ ಕೊಲ್ಲಿಯಲ್ಲಿ ಮಂಜೇ ಸರಿಯಾಗಿ ಕಟ್ಟುವುದಿಲ್ಲ; ಮರಿಗಳು ಈಜು ಕಲಿಯುವ ಮೊದಲೇ ನೀರು ಪಾಲಾಗುತ್ತವೆ, ವೀಕ್ಷಣೆಯ ಪ್ರವಾಸಗಳೂ ರದ್ದಾಗುತ್ತವೆ.

ತುಂಗಾತೀರ:
ಪಾಲ್ ಮೆಕಾರ್ಟ್ನಿಯವರೂ 2006ರಲ್ಲಿ ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗಿ ಪ್ರತಿಭಟಿಸಿದ್ದರಲ್ಲವೇ? ಅಷ್ಟು ದೊಡ್ಡ ಗಾಯಕ ಹೋದರೂ ನಿಲ್ಲದ ಬೇಟೆ ಒಂದು ಛಾಯಾಗ್ರಾಹಕರ ಬಳಗದಿಂದ ನಿಲ್ಲುತ್ತದೆಯೇ?

ಸಾಗರದಾಚೆ:
ಅವರು ಹೋದದ್ದು ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ. ದೂರದರ್ಶನದ ಚರ್ಚೆಯಲ್ಲಿ ತಾವು ನ್ಯೂಫೌಂಡ್‌ಲ್ಯಾಂಡಿನಲ್ಲಿದ್ದೇವೆ ಎಂದು ಅವರೇ ಹೇಳಿದಾಗ, ಆ ಪ್ರಾಂತ್ಯದ ಮುಖ್ಯಸ್ಥ ಡ್ಯಾನಿ ವಿಲಿಯಮ್ಸ್ ಅಲ್ಲೇ ತಿದ್ದಿದರು. ಇಂತಹ ಸಣ್ಣ ತಪ್ಪುಗಳು ಚಳವಳಿಗೆ ಬಹಳ ಹಾನಿ ಮಾಡುತ್ತವೆ. ಊರಿನ ಹೆಸರು ಗೊತ್ತಿಲ್ಲದವರು ನಮ್ಮ ಜೀವನೋಪಾಯದ ಬಗ್ಗೆ ತೀರ್ಪು ಕೊಡುತ್ತಾರೆ ಎಂಬ ಸ್ಥಳೀಯರ ಸಿಟ್ಟಿಗೆ ಅದೇ ಆಧಾರವಾಗುತ್ತದೆ. 1992ರಲ್ಲಿ ಕಾಡ್ ಮೀನು ಹಿಡಿಯುವುದನ್ನು ನಿಷೇಧಿಸಿದಾಗ ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡ ಪ್ರಾಂತ್ಯ ನ್ಯೂಫೌಂಡ್‌ಲ್ಯಾಂಡ್.

ಇನ್ನು ಉತ್ತರ ಧ್ರುವದ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನರ ವಿಷಯ. ಯುರೋಪಿನ ನಿಷೇಧದಲ್ಲಿ ಅವರಿಗೆ ವಿನಾಯಿತಿ ಇತ್ತು. ಆದರೆ ಸೀಲ್ ಚರ್ಮ ಎಂದರೆ ಸಾಕು ಗಿರಾಕಿಗಳು ಹಿಂಜರಿಯುವಂತಾದ್ದರಿಂದ ಅವರ ಮಾರುಕಟ್ಟೆಯೂ ಕುಸಿಯಿತು. ಮಾಂಸಕ್ಕಾಗಿ ಸೀಲ್ ಹಿಡಿದು ಬದುಕುವ, ಬೇರೆ ಆಹಾರಕ್ಕೆ ವಿಪರೀತ ಬೆಲೆ ತೆರಬೇಕಾದ ಉತ್ತರದ ಊರುಗಳಿಗೆ ಅದು ದೊಡ್ಡ ಪೆಟ್ಟು. 2014ರಲ್ಲಿ ಗ್ರೀನ್‌ಪೀಸ್ ಕೆನಡಾ ಸಂಸ್ಥೆ ತನ್ನ ಹಳೆಯ ಚಳವಳಿಯಿಂದ ಆದ ಹಾನಿಗೆ ಇನುಯಿಟ್ ಜನರ ಕ್ಷಮೆ ಕೇಳಿತು. ಗುರಿ ಸ್ಪಷ್ಟವಿಲ್ಲದ ಒತ್ತಡ ಎಲ್ಲಿ ಹೋಗಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣ ಉದಾಹರಣೆ ಬೇಡ.

ಮಲ್ಪೆತೀರ:
ನಮ್ಮದು ಮೀನುಗಾರರ ಮನೆ. ಸೀಲ್‌ಗಳು ಮೀನು ತಿನ್ನುತ್ತವೆ, ಆದ್ದರಿಂದ ಕೊಲ್ಲಬೇಕು ಎಂಬ ನಮೀಬಿಯಾ ಸರ್ಕಾರದ ವಾದದ ಬಗ್ಗೆ ಯಾರೂ ಮಾತನಾಡಿಲ್ಲ. ಬಲೆ ಹರಿದು ಮೀನು ಕಳೆದುಕೊಂಡವನ ಸಂಕಟ ನನಗೆ ಚೆನ್ನಾಗಿ ತಿಳಿದಿದೆ. ಡಾಲ್ಫಿನ್‌ಗಳ ಮೇಲೆ ನಮ್ಮ ಕಡೆಯವರೂ ರೇಗುವುದುಂಟು. ಆದರೆ ನಮ್ಮ ಕರಾವಳಿಯಲ್ಲಿ ಒಂದು ಸೀಲ್ ಕೂಡ ಇಲ್ಲ, ಆದರೂ ಬೂತಾಯಿ (ಸಾರ್ಡಿನ್) ಮೀನು ಕಾಣೆಯಾಗುವ ವರ್ಷಗಳನ್ನು ನಾವು ನೋಡಿದ್ದೇವೆ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 4 ಸಾವಿರ ಟನ್ನಿಗೂ ಕಡಿಮೆಯಾಯಿತು. ಕಡಲಿನ ಬಿಸಿ, ಮರಿಮೀನುಗಳನ್ನೂ ಬಿಡದ ಬಲೆ, ರಾತ್ರಿ ಪ್ರಖರ ಬೆಳಕು ಹಾಯಿಸಿ ಹಿಡಿಯುವುದು ಎಂದು ನಾವು ಕಾರಣಗಳನ್ನು ಹುಡುಕುತ್ತೇವೆ. ಅಲ್ಲಿ ಬೊಟ್ಟು ಮಾಡಿ ತೋರಿಸಲು ಒಂದು ಪ್ರಾಣಿ ಸಿಕ್ಕಿದೆ, ಅಷ್ಟೇ.

ವಿಂಡ್‌ಹೋಕ್‌ವಾಸಿ:
ಮಲ್ಪೆತೀರ ಅವರ ಮಾತಿಗೆ ಇಲ್ಲಿನ ಕಥೆಯನ್ನೇ ಸೇರಿಸಬಹುದು. 1968ರಲ್ಲಿ ಈ ಕಡಲಿನಿಂದ ಸುಮಾರು 14 ಲಕ್ಷ ಟನ್ ಸಾರ್ಡಿನ್ ಎತ್ತಲಾಯಿತು. ಆ ಬಳಿಕ ಕುಸಿದ ಮೀನಿನ ರಾಶಿ ಇಂದಿಗೂ ಚೇತರಿಸಿಕೊಂಡಿಲ್ಲ. ಅಷ್ಟು ಮೀನು ಬಾಚಿದ್ದು ದೋಣಿಗಳೇ ಹೊರತು ಸೀಲ್‌ಗಳಲ್ಲ. ಸಾರ್ಡಿನ್ ಹೋದ ಜಾಗಕ್ಕೆ ಜೆಲ್ಲಿಮೀನು ಮತ್ತು ಗೋಬಿ ಎಂಬ ಸಣ್ಣ ಮೀನು ಬಂದವು. ಉತ್ತರದ ತೀರದ ಸೀಲ್‌ಗಳು ಬಹುಪಾಲು ತಿನ್ನುವುದು ಈ ಗೋಬಿಯನ್ನು. ಅದನ್ನು ಯಾವ ಕಾರ್ಖಾನೆಯೂ ಕೊಳ್ಳುವುದಿಲ್ಲ. 1994-95ರಲ್ಲಿ ಕಡಲ ನೀರು ಕೆಟ್ಟು ಆಹಾರ ಸಿಗದೆ ಈ ಸೀಲ್‌ಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಪ್ರಕೃತಿಯೇ ಹೀಗೆ ಲೆಕ್ಕ ತೆಗೆಯುವ ಪ್ರಾಣಿಗೆ ದೊಣ್ಣೆಯ ಹೊಡೆತವೂ ಬೇಕೇ ಎಂಬುದು ನನ್ನ ಪ್ರಶ್ನೆ.

ಆದರೆ ಇಲ್ಲಿನ ಜನರ ಮನಸ್ಸನ್ನೂ ಅರ್ಥ ಮಾಡಿಕೊಳ್ಳಬೇಕು. ಜರ್ಮನ್ನರ ಆಳ್ವಿಕೆಯಲ್ಲಿ ಹೆರೆರೊ ಮತ್ತು ನಾಮಾ ಜನರ ನರಮೇಧ ಕಂಡ, ನಂತರ ದಕ್ಷಿಣ ಆಫ್ರಿಕಾದ ವರ್ಣಭೇದದ ಅಡಿಯಲ್ಲಿ ನಲುಗಿ 1990ರಲ್ಲಿ ಸ್ವತಂತ್ರವಾದ ದೇಶವಿದು. ಜೀವಸಂಪತ್ತನ್ನು ಮಿತಿಯರಿತು ಬಳಸಿಕೊಳ್ಳುವುದು ಸಂವಿಧಾನದ 95ನೇ ವಿಧಿಯಲ್ಲೇ ಇದೆ. ಯುರೋಪಿನ ಸಂಘಟನೆಗಳು ಬಂದು ಬೆದರಿಕೆಯ ಧಾಟಿಯಲ್ಲಿ ಮಾತನಾಡಿದಾಗ, ಸೀಲ್ ಬಗ್ಗೆ ಒಂದು ದಿನವೂ ಯೋಚಿಸದ ಸಾಮಾನ್ಯ ಮನುಷ್ಯನೂ ಸರ್ಕಾರದ ಪರ ನಿಲ್ಲುತ್ತಾನೆ. ಭಾರತದಿಂದ ಬರುವ ಪತ್ರಕ್ಕೆ ಆ ಭಾರ ಇರುವುದಿಲ್ಲ.

ತುಂಗಾತೀರ:
ಕೋಳಿ ಫಾರಂಗಳ ಬಗ್ಗೆ ಮೌನವಾಗಿರುವವರು ಸೀಲ್ ಬಗ್ಗೆ ಮಾತನಾಡುವುದು ನ್ಯಾಯವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಸಿದ್ಧವಿದೆಯೇ?

ಬೆಳ್ಳಕ್ಕಿ:
ಎಲ್ಲವನ್ನೂ ಒಮ್ಮೆಗೇ ಸರಿಪಡಿಸಲಾಗದವನು ಯಾವುದನ್ನೂ ಸರಿಪಡಿಸಬಾರದು ಎಂದರೆ ಯಾವ ಕ್ರೌರ್ಯವೂ ಎಂದಿಗೂ ನಿಲ್ಲುವುದಿಲ್ಲ.

ಕಾನೂನುಕಟ್ಟೆ:
ಕಾನೂನಿನ ಕಡೆಯಿಂದ ಎರಡು ವಿಷಯ. ಯುರೋಪಿನ ನಿಷೇಧವನ್ನು ಕೆನಡಾ ಮತ್ತು ನಾರ್ವೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿದವು. ಇನುಯಿಟ್ ವಿನಾಯಿತಿಯನ್ನು ಜಾರಿಗೊಳಿಸಿದ ರೀತಿಯಲ್ಲಿ ತಾರತಮ್ಯ ಕಂಡರೂ, ಪ್ರಾಣಿಹಿಂಸೆಯ ಬಗ್ಗೆ ಜನರ ನೈತಿಕ ಕಳವಳವು ವ್ಯಾಪಾರವನ್ನು ತಡೆಯಲು ಸಮ್ಮತವಾದ ಕಾರಣವಾಗಬಹುದು ಎಂದು 2014ರಲ್ಲಿ ಮೇಲ್ಮನವಿ ಪೀಠ ಒಪ್ಪಿಕೊಂಡಿತು. ಇದು ಸಣ್ಣ ಗೆಲುವಲ್ಲ. ಭಾರತವೂ 2018ರಲ್ಲಿ ಸೀಲ್ ಚರ್ಮದ ಆಮದನ್ನು ನಿಷೇಧಿಸಿದೆ. ಆದ್ದರಿಂದ ದಿಗಂತಯಾತ್ರಿ ಅವರ ಬಳಗದ ಪತ್ರ ಕೇವಲ ವೈಯಕ್ತಿಕ ಭಾವನೆಯಾಗದೆ, ತಮ್ಮ ದೇಶದ ಘೋಷಿತ ನೀತಿಗೆ ಅನುಗುಣವಾದ ಮಾತಾಗುತ್ತದೆ. ಹಾಗೆಂದು ಅದರಲ್ಲಿ ಬರೆಯಿರಿ. ಎರಡನೆಯದಾಗಿ, ಅಲ್ಲಿನ ಅಂಗಡಿಗಳಲ್ಲಿ ಸೀಲ್ ಚರ್ಮದ ಚಪ್ಪಲಿ, ಚೀಲ ಕಂಡರೆ ಯಾರೂ ಕೊಳ್ಳದಂತೆ ತಂಡದವರಿಗೆ ಮೊದಲೇ ಹೇಳಿ. ಈ ಪ್ರಾಣಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವಿಮಾನನಿಲ್ದಾಣದಲ್ಲಿ ತೊಂದರೆ ತಪ್ಪಿದ್ದಲ್ಲ.

ಹಸಿರುಹೆಜ್ಜೆ:
ಸರ್ಕಾರಗಳಿಗೆ ಹಣದ ಭಾಷೆ ಅರ್ಥವಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಪ್ರಾಣಿದಯಾ ಸಂಘಟನೆಗಳು ತಜ್ಞರಿಂದ ಮಾಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2008ರಲ್ಲಿ ನಮೀಬಿಯಾಕ್ಕೆ ಸೀಲ್ ಬೇಟೆಯಿಂದ ಬಂದದ್ದು ಸುಮಾರು 5 ಲಕ್ಷ ಡಾಲರ್, ಸೀಲ್ ವೀಕ್ಷಣೆಯಿಂದ ಬಂದದ್ದು ಸುಮಾರು 20 ಲಕ್ಷ ಡಾಲರ್. ನಾಲ್ಕು ಪಟ್ಟು ಆದಾಯ ಕೊಡುವ ಜೀವಂತ ಪ್ರಾಣಿಯನ್ನು ಕೊಲ್ಲುವುದು ಮೂರ್ಖತನ. ಈ ಆದಾಯ ನಿಂತರೆ ಸರ್ಕಾರ ಎಚ್ಚೆತ್ತುಕೊಳ್ಳುತ್ತದೆ.

ಪಯಣಪಾಲಕ:
ಅದೇ ಅಂಕಿಯನ್ನು ತಿರುಗಿಸಿ ನೋಡಿ. ಎಲ್ಲರೂ ಹೋಗುವುದನ್ನು ನಿಲ್ಲಿಸಿದರೆ ಆ 20 ಲಕ್ಷ ಸೊನ್ನೆಯಾಗಿ, ಬೇಟೆಯ 5 ಲಕ್ಷವೇ ಸೀಲ್‌ಗಳಿಂದ ಬರುವ ಏಕೈಕ ಆದಾಯವಾಗುತ್ತದೆ. ಆಗ ಸೀಲ್ ಪರವಾಗಿ ವಾದಿಸಲು ಪ್ರವಾಸೋದ್ಯಮ ಸಚಿವಾಲಯಕ್ಕೆ ಏನು ಉಳಿಯಿತು? ಅಧ್ಯಯನಕ್ಕೆ ಹಣ ಕೊಟ್ಟವರು ಯಾರೆಂದು ನೀವು ಹೇಳಿದ್ದು ಒಳ್ಳೆಯದಾಯಿತು. ಎದುರಿನವರು ಮೊದಲು ಕೇಳುವುದೇ ಅದನ್ನು.

ಸಾಗರದಾಚೆ:
ಪಯಣಪಾಲಕರ ಮಾತಿಗೆ ಐಸ್‌ಲ್ಯಾಂಡ್ ಪುಷ್ಟಿ ಕೊಡುತ್ತದೆ. ಅಲ್ಲಿ ತಿಮಿಂಗಿಲ ಮಾಂಸವನ್ನು ‘ಸ್ಥಳೀಯ ವಿಶೇಷ’ವೆಂದು ತಿನ್ನುತ್ತಿದ್ದವರಲ್ಲಿ ಪ್ರವಾಸಿಗರೇ ಬಹಳ. 2009ರ ಸುಮಾರಿಗೆ ಪ್ರವಾಸಿಗರಲ್ಲಿ ಶೇ. 40ರಷ್ಟು ಜನ ಅದನ್ನು ರುಚಿ ನೋಡಿದ್ದಾಗಿ ಸಮೀಕ್ಷೆ ಹೇಳಿತ್ತು. ತಿಮಿಂಗಿಲ ತೋರಿಸುವ ದೋಣಿಯವರೇ ‘ನಮ್ಮನ್ನು ನೋಡಿ, ತಿನ್ನಬೇಡಿ’ ಎಂಬ ಪ್ರಚಾರಕ್ಕೆ ಕೈಜೋಡಿಸಿದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ದೇಶದೊಳಗೇ ಮಾರಾಟವಾಗುತ್ತಿದ್ದ ಮಿಂಕಿ ತಿಮಿಂಗಿಲದ ಬೇಟೆ ಸೊರಗಿತು. ಆದರೆ ಜಪಾನಿಗೆ ರಫ್ತಾಗುತ್ತಿದ್ದ ಫಿನ್ ತಿಮಿಂಗಿಲದ ಬೇಟೆಗೆ ಈ ಪ್ರಚಾರ ತಾಗಲಿಲ್ಲ. ನಮೀಬಿಯಾದ ಸೀಲ್ ಚರ್ಮವೂ ರಫ್ತಿನ ಸರಕೇ ಎಂಬುದನ್ನು ನಾವು ಮರೆಯಬಾರದು. ತಿಮಿಂಗಿಲ ಹತ್ಯೆಯ ಕಾರಣಕ್ಕೆ ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಿಗೆ 2015ರಲ್ಲಿ ಎರಡು ಜರ್ಮನ್ ವಿಹಾರನೌಕಾ ಸಂಸ್ಥೆಗಳು ಭೇಟಿ ರದ್ದು ಮಾಡಿದವು. ಅಲ್ಲಿನ ತಿಮಿಂಗಿಲ ಹತ್ಯೆ ನಿಲ್ಲಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಒಂದೇ ದಿನ 1,428 ಡಾಲ್ಫಿನ್‌ಗಳನ್ನು ಕೊಂದಾಗ ಮಾತ್ರ ಸ್ವತಃ ದ್ವೀಪದವರೇ ಬೇಸರಗೊಂಡರು, ಮರುವರ್ಷ ಡಾಲ್ಫಿನ್‌ಗಳಿಗೆ 500ರ ಮಿತಿ ಬಂದಿತು.

ವಿಂಡ್‌ಹೋಕ್‌ವಾಸಿ:
ರಫ್ತಿನ ಮಾತು ಬಂದದ್ದರಿಂದ ಇನ್ನೊಂದು ತೊಡಕನ್ನೂ ಹೇಳಬೇಕು. ಬೇಟೆ ಕೇಪ್ ಕ್ರಾಸ್‌ನಲ್ಲಷ್ಟೇ ನಡೆಯುವುದಿಲ್ಲ. ದಕ್ಷಿಣದ ಲ್ಯೂಡೆರಿಟ್ಸ್ ಬಳಿಯ ವುಲ್ಫ್ ಬೇ ಮತ್ತು ಅಟ್ಲಾಸ್ ಬೇಗಳಲ್ಲೂ ನಡೆಯುತ್ತದೆ. ಅವು ವಜ್ರದ ಗಣಿಗಳ ಕಾರಣ ಬಹುಕಾಲದಿಂದ ನಿರ್ಬಂಧಿತವಾದ ಸೀಮೆಯಲ್ಲಿವೆ, ಪ್ರವಾಸಿಗರು ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಕೇಪ್ ಕ್ರಾಸ್‌ನಲ್ಲಿ ಮಾತ್ರ ನಿಲ್ಲಿಸಿ ಎಂದು ಕೇಳಿದರೆ, ಆ ಸಂಖ್ಯೆಯನ್ನು ಕಣ್ಣಿಗೆ ಕಾಣದ ತೀರಗಳಿಗೆ ವರ್ಗಾಯಿಸಿ ಸಮಸ್ಯೆ ಬಗೆಹರಿಯಿತು ಎನ್ನಬಹುದು. 2019ರಲ್ಲಿ ಪ್ರಕಟವಾದ ವಾರ್ಷಿಕ ಮಿತಿ 60 ಸಾವಿರ ಮರಿ ಮತ್ತು 8 ಸಾವಿರ ಗಂಡು. ಕೇಳುವುದಾದರೆ ಆ ಒಟ್ಟು ಸಂಖ್ಯೆಯನ್ನೇ ಇಳಿಸಬೇಕೆಂದು ಕೇಳಬೇಕು.

ದಿಗಂತಯಾತ್ರಿ:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಬಳಗದವರೆಲ್ಲ ಕೂತು ಈ ಚರ್ಚೆಯನ್ನು ಓದಿದೆವು. ನಮೀಬಿಯಾಕ್ಕೆ ಹೋಗುವುದು, ಬೇಟೆಯ ಋತುವಿನಲ್ಲಿ ಕೇಪ್ ಕ್ರಾಸ್‌ಗೆ ಹೋಗದಿರುವುದು, ಮುಂಗಡ ಕಟ್ಟುವ ಮೊದಲೇ ಕಾರಣವನ್ನು ಲಿಖಿತವಾಗಿ ತಿಳಿಸುವುದು ಎಂದು ಹೆಚ್ಚಿನವರು ಒಪ್ಪಿದ್ದಾರೆ. ಇಬ್ಬರು ಒಪ್ಪದೆ ಹಿಂದೆ ಸರಿದಿದ್ದಾರೆ. ಅವರ ನಿಲುವನ್ನು ಗೌರವಿಸುತ್ತೇವೆ. ಪತ್ರದ ಪ್ರತಿ ಎರಡೂ ಸಚಿವಾಲಯಗಳಿಗೆ ಹೋಗುತ್ತದೆ. ಸೀಲ್‌ಗಳನ್ನು ನೋಡಲು ಬೇರೆ ದಾರಿ ಇದೆಯೇ?

ವಿಂಡ್‌ಹೋಕ್‌ವಾಸಿ:
ವಾಲ್ವಿಸ್ ಬೇ ಬಳಿಯ ಪೆಲಿಕನ್ ಪಾಯಿಂಟ್ ಕೇಳಿ. ಅಲ್ಲಿ ಬೇಟೆ ಇಲ್ಲ. ಕಯಾಕ್ ದೋಣಿಯಲ್ಲಿ ಕೂತರೆ ಸೀಲ್‌ಗಳು ತಾವಾಗಿಯೇ ಸುತ್ತಮುತ್ತ ಈಜಾಡುತ್ತವೆ. ಹರಿದ ಬಲೆ, ಮೀನುಗಾರಿಕೆಯ ದಾರ ಕುತ್ತಿಗೆಗೆ ಸುತ್ತಿಕೊಂಡ ಸೀಲ್‌ಗಳನ್ನು ಹಿಡಿದು ಬಿಡಿಸುವ ಓಷನ್ ಕನ್ಸರ್ವೇಶನ್ ನಮೀಬಿಯಾ ತಂಡ ಕೆಲಸ ಮಾಡುವುದೂ ಅಲ್ಲೇ. ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ, ಮಧ್ಯಾಹ್ನದ ಮೇಲೆ ಗಾಳಿ ಜೋರು.

ಹಸಿರುಹೆಜ್ಜೆ:
ನಾನಾಗಿದ್ದರೆ ಹೋಗುತ್ತಿರಲಿಲ್ಲ, ಆ ಮಾತಿನಲ್ಲಿ ಬದಲಾವಣೆಯಿಲ್ಲ. ಆದರೆ ಪತ್ರದಲ್ಲಿ ಬಾಗಿಲಿನ ಸಮಯದ ವಿಷಯವನ್ನು ಬಿಡಬೇಡಿ. ‘ಬೆಳಿಗ್ಗೆ 8ರಿಂದ 10ರವರೆಗೆ ನಮಗೇಕೆ ಪ್ರವೇಶವಿಲ್ಲ’ ಎಂದು ನೇರವಾಗಿ ಕೇಳಿ, ಲಿಖಿತ ಉತ್ತರ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಮಲ್ಪೆತೀರ:
ಮೀನಿನ ವಾದಕ್ಕೆ ಉತ್ತರಿಸುವ ಭಾಗವನ್ನು ನಾನು ಬರೆದುಕೊಡುತ್ತೇನೆ. ಮೀನುಗಾರರ ಮನೆಯವರು ಬರೆದದ್ದೆಂದು ಅದರ ಕೆಳಗೆ ಸೇರಿಸಿ. ಅಲ್ಲಿನ ಮೀನುಗಾರಿಕೆಯ ಹೊಣೆ ಹೊತ್ತ ಸಚಿವಾಲಯದವರು ಆ ಭಾಗವನ್ನಾದರೂ ಓದಬೇಕು.